ಕೈದಿಯೇ ಕಟ್ಟಿಸಿದ ಜೈಲು

ಮೊನ್ನೆ ರಾತ್ರಿ ಆಫೀಸಿನಿಂದ ಮಗಳಿಗೆ ಫೋನ್ ಮಾಡುವಾಗ ಪಾಬ್ಲೋ ಎಸ್ಕೊಬಾರ್ ನೆನಪಾದ. ನಗಬೇಡಿ!

ಕೊಲಂಬಿಯಾದ ಈ ಕೊಕೇನ್ ದೊರೆ 1991ರ ಜೂನ್‌ನಲ್ಲಿ ಶರಣಾಗಿ ಸೇರಿದ್ದು ತಾನೇ ಕಟ್ಟಿಸಿಕೊಂಡ ಜೈಲಿಗೆ. ಮೆಡೆಲಿನ್ ಪಕ್ಕದ ಗುಡ್ಡದ ಮೇಲೆ, ಹೆಸರು 'ಲಾ ಕತೆದ್ರಾಲ್'. ಫುಟ್‌ಬಾಲ್ ಮೈದಾನ, ಬಾರ್, ಜಕೂಜಿ... ಕಾವಲುಗಾರರೂ ಅವನಿಗೆ ಬೇಕಾದವರೇ. ಟೆಲಿಸ್ಕೋಪಿನಲ್ಲಿ ಊರಲ್ಲಿದ್ದ ಮಗಳನ್ನು ನೋಡುತ್ತಾ ಫೋನಲ್ಲಿ ಮಾತಾಡುತ್ತಿದ್ದನಂತೆ. ಅಲ್ಲೇ ಕೂತು ತನ್ನ ಕಡೆಯವರನ್ನೇ ಕೊಲ್ಲಿಸಿದ ಮೇಲೆ ಸರ್ಕಾರ ಅವನನ್ನು ಬೇರೆಡೆ ಸಾಗಿಸಲು ಹೊರಟಿತು. 1992ರ ಜುಲೈನಲ್ಲಿ, ಸೈನ್ಯ ಬಂದು ನಿಂತಿದ್ದಾಗಲೇ, ಹಿಂಬದಿಯಿಂದ ನಡೆದು ಹೋದ! 1993ರ ಡಿಸೆಂಬರ್ 2ರಂದು ಗುಂಡಿಗೆ ಬಲಿಯಾದ. ಸುಳಿವು ಕೊಟ್ಟಿದ್ದು ಮಗನಿಗೆ ಮಾಡಿದ ಫೋನು.

ನಮ್ಮಾಫೀಸಿನಲ್ಲೂ ಜಿಮ್ಮಿದೆ, ಪುಕ್ಕಟೆ ಊಟವಿದೆ. ಬೀಗವಿಲ್ಲ. ಆದರೂ "ಅಪ್ಪಾ, ಯಾವಾಗ ಬರ್ತೀಯ?" ಅಂದರೆ ಉತ್ತರ ಹೊಳೆಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದೆ.

"ಏನ್ ಸಾರ್, ಇಷ್ಟು ಬೇಗ?" ಅಂದ ಸೆಕ್ಯುರಿಟಿಯವನು. ಗಂಟೆ ಒಂಬತ್ತೂವರೆ.