ಮಾಂಡವಿಯ ದಡದಲ್ಲಿ ಹಳೆಯ ಹಾಯಿದೋಣಿ

ಗೋವೆ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಸಮುದ್ರ, ಚರ್ಚುಗಳು, ಮಂಗೇಶಿ ಮತ್ತು ಶಾಂತಾದುರ್ಗೆಯ ದೇವಸ್ಥಾನ, ಬರುವಾಗ ತರುವ ಗೋಡಂಬಿ. ಇವನ್ನೆಲ್ಲ ನೋಡಿದ ಮೇಲೂ ಅರ್ಧ ದಿನ ಉಳಿದರೆ, ಸೋದರಿಯರೇ, ಮಾಂಡವಿ ನದಿಯ ದಡಕ್ಕೆ ಹೋಗಿ ಬನ್ನಿ.

ಈ ಮಾಂಡವಿ ಪರಕೀಯಳೇನಲ್ಲ. ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಈ ಹೆಸರಿನಿಂದ ಸಮುದ್ರ ಸೇರುತ್ತಾಳೆ. ಹಳೆಯ ಗೋವೆಯಿಂದ ಫೆರ್ರಿಯಲ್ಲಿ ದಾಟಿದರೆ ದಿವಾರ್ ದ್ವೀಪ. ನೌಕಾಪಡೆಯ ಹಾಯಿದೋಣಿಗಳಾದ ‘ಮ್ಹಾದೇಯಿ’, ‘ತಾರಿಣಿ’ ಎರಡೂ ತಯಾರಾದದ್ದು ಇಲ್ಲೇ. 2017ರ ಸೆಪ್ಟೆಂಬರ್‌ನಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ತಾರಿಣಿಯಲ್ಲಿ ಹೊರಟು, ಭೂಮಿಯನ್ನೇ ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಅದೇ ದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ದಿಲ್ನಾ ಮತ್ತು ರೂಪಾ ಇಬ್ಬರೇ ಹೊರಟು, 2025ರ ಮೇ 29ಕ್ಕೆ ಗೋವೆಗೆ ಬಂದು ಮುಟ್ಟಿದರು.

ನನ್ನ ಅಕ್ಕನ ಮಗ ಈ ನದಿಯ ದಡದಲ್ಲೇ ಒಂದು ಸಣ್ಣ ದೋಣಿ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾನೆ. ಮಳೆಗಾಲಕ್ಕೆ ದಡ ಹತ್ತಿಸಿದ ದೋಣಿಗಳನ್ನು ಚೌತಿ ಕಳೆದ ಮೇಲೆ ಸಜ್ಜು ಮಾಡುತ್ತಾರೆ. ನಾವು ಹೋದಾಗ ಹದಿನೈದು ವರ್ಷ ಹಳೆಯ ಒಂದು ಹಾಯಿದೋಣಿಯ ತಂತಿಗಳನ್ನು ಬದಲಿಸುತ್ತಿದ್ದರು. “ನೋಡೋಕೆ ಚೆನ್ನಾಗೇ ಇದೆಯಲ್ಲೋ, ಯಾಕೆ ಬಿಚ್ತೀರಿ?” ಅಂದೆ.

“ಚಿಕ್ಕಮ್ಮ, ಕೈ ಹಾಕಬೇಡಿ, ಹತ್ತಿ ಹಾಕಿ ನೋಡಿ” ಅಂತ ಒಂದು ಹಿಡಿ ಹತ್ತಿ ಕೊಟ್ಟ. ತಂತಿಯ ಉದ್ದಕ್ಕೂ ಸವರುತ್ತಾ ಕೆಳಗೆ ಬಂದರೆ ಕೊನೆಯ ಲೋಹದ ಗೂಡಿನ ಹತ್ತಿರ ಹತ್ತಿ ಸಿಕ್ಕಿಕೊಂಡಿತು. ಹತ್ತೊಂಬತ್ತು ಎಳೆ ಹೊಸೆದ ತಂತಿಯಲ್ಲಿ ಒಂದು ಎಳೆ ಕಡಿದು ಮುಳ್ಳಿನಂತೆ ಎದ್ದಿತ್ತು.

ಹಾಯಿ ಕಟ್ಟುವ ಎತ್ತರದ ಕಂಬವನ್ನು ನಿಲ್ಲಿಸಿರುವುದು ಈ ತಂತಿಗಳೇ. ಮುಂದೆ ಒಂದು, ಹಿಂದೆ ಒಂದು, ಎರಡು ಪಕ್ಕಕ್ಕೂ ಕೆಲವು. ಕೆಳಗೆ ಬಿಗಿ ಮಾಡುವ ತಿರುಪು, ಅದಕ್ಕೊಂದು ಪಿನ್ನು, ಆ ಪಿನ್ನು ಜಾರದಂತೆ ನಮ್ಮ ತಲೆಪಿನ್ನಿನಷ್ಟೇ ಇರುವ ಇನ್ನೊಂದು ಸ್ಪ್ಲಿಟ್ ಪಿನ್ನು. ಅದು ಬಿದ್ದುಹೋದರೆ ಅಷ್ಟು ದೊಡ್ಡ ಕಂಬವೇ ಉರುಳಬಹುದು!

ಸ್ಟೀಲಿಗೆ ತುಕ್ಕು ಹಿಡಿಯೋದಿಲ್ಲ ಎಂದು ನಾವು ತಿಳಿದಿರುತ್ತೇವೆ. ಸ್ಟೀಲಿನ ಮೇಲಿನ ರಕ್ಷಣೆಯ ಪದರ ಉಳಿಯಬೇಕಾದರೆ ಗಾಳಿ ತಾಗುತ್ತಿರಬೇಕು. ಸಂದಿಯಲ್ಲಿ ಉಪ್ಪುನೀರು ನಿಂತು ಗಾಳಿ ಆಡದಿದ್ದರೆ ಒಳಗೊಳಗೇ ತಿನ್ನುತ್ತದೆ. ಹೊರಗೆ ಕಾಣುವುದು ಒಂದು ಕಂದು ಗೆರೆ ಅಷ್ಟೇ. ಅದಕ್ಕೇ ಹತ್ತರಿಂದ ಹದಿನೈದು ವರ್ಷಕ್ಕೆ ಎಲ್ಲ ತಂತಿಗಳನ್ನೂ ಬದಲಿಸುವುದು ವಾಡಿಕೆ.

ಕೆಲಸವೂ ನಾಜೂಕಿನದು. ಒಂದು ತಂತಿ ಬಿಚ್ಚುವ ಮೊದಲು ಆ ಜಾಗಕ್ಕೆ ಗಟ್ಟಿ ಹಗ್ಗ ಎಳೆದು ಕಂಬಕ್ಕೆ ಆಸರೆ ಕೊಡುತ್ತಾರೆ. ಹಳೆಯದನ್ನು ನೆಲದ ಮೇಲೆ ಬಿಗಿಯಾಗಿ ಎಳೆದು, ಪಿನ್ನಿನ ತೂತಿನಿಂದ ತೂತಿಗೆ ಅಳೆದು, ಅಷ್ಟೇ ಉದ್ದದ ಹೊಸದನ್ನು ಹಾಕುತ್ತಾರೆ. ಎರಡು ಪಕ್ಕದ ಬಿಗಿಯೂ ಸಮನಾಗಬೇಕು. ಕೊನೆಗೆ ಸ್ಪ್ಲಿಟ್ ಪಿನ್ನಿನ ತುದಿಗೆ ಟೇಪು ಸುತ್ತುತ್ತಾರೆ, ಇಲ್ಲದಿದ್ದರೆ ಹಾಯಿ ಹರಿಯುತ್ತದೆ.

ದೋಣಿಯ ಯಜಮಾನರು ಕಡಿದದ್ದೊಂದನ್ನೇ ಬದಲಿಸಿದರೆ ಸಾಕು ಎಂದಿದ್ದರಂತೆ. ಖರ್ಚು ಸಣ್ಣದಲ್ಲ. ಒಪ್ಪದವರು ಅವರ ಪತ್ನಿ. “ಎಲ್ಲವೂ ಒಂದೇ ದಿನ ಹಾಕಿದ್ದು. ಒಂದು ಹೋದರೆ ಉಳಿದವಕ್ಕೇನು ಹರೆಯವೇ? ಆ ದೋಣಿಯಲ್ಲಿ ನಾನೂ ಕೂರುವವಳು!” ಅಂದರಂತೆ. ಎಲ್ಲ ತಂತಿಯೂ ಹೊಸದಾಯಿತು.

ಆ ತಾಯಿಯ ಮಾತು ಸುಳ್ಳಲ್ಲ. 2018ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆಯ ಅಭಿಲಾಷ್ ಟೋಮಿಯವರು ಒಬ್ಬರೇ ದಕ್ಷಿಣ ಹಿಂದೂ ಮಹಾಸಾಗರದಲ್ಲಿದ್ದಾಗ ಬಿರುಗಾಳಿಗೆ ದೋಣಿ ಮಗುಚಿ ಕಂಬ ಮುರಿಯಿತು. ಬೆನ್ನುಮೂಳೆಗೆ ಪೆಟ್ಟಾಗಿ ಏಳಲಾಗದೆ ಮಲಗಿದ್ದವರನ್ನು ಫ್ರೆಂಚ್ ಹಡಗು ಬಂದು ಉಳಿಸಲು ಮೂರು ದಿನ ಹಿಡಿಯಿತು. ಅಲ್ಲಿ ತಪ್ಪು ಬಿರುಗಾಳಿಯದು, ಪಿನ್ನಿನದಲ್ಲ. ಆದರೆ ನಡುಕಡಲಲ್ಲಿ ಕಂಬ ಹೋದರೆ ಗತಿಯೇನು ಎಂಬುದು ಇದರಿಂದ ತಿಳಿಯುತ್ತದೆ.

ನೋಡಹೋಗುವವರು ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋದರೆ ಬಿಸಿಲು ಹಿತ. ಬೆಳಗಿನ ಫೆರ್ರಿ ಹಿಡಿಯಿರಿ, ಕುಡಿಯುವ ನೀರು ಜೊತೆಗಿರಲಿ. ಊರಿಗೆ ಮರಳಿದ ಮೇಲೆ ಒಲೆಯ ಗ್ಯಾಸ್ ಟ್ಯೂಬಿನ ಮೇಲೆ ಅಚ್ಚಾದ ವರ್ಷವನ್ನೂ ಒಮ್ಮೆ ಓದಿ. ನೋಡಲು ಚೆನ್ನಾಗಿದ್ದರೂ ಅವಧಿ ಮುಗಿದಿದ್ದರೆ ಬದಲಿಸಿಬಿಡಿ.