ಸಿಳ್ಳನ್ನು ಮಾತ್ರ ತೊಡೆಯುವುದು

ಸರಕಾರದ ಪರವಾನಗಿಯನ್ನು ಪಡೆದು, ಮನೆಯಲ್ಲಿಯೇ ಯಂತ್ರವನ್ನಿರಿಸಿಕೊಂಡು, ದೂರದ ಮಿತ್ರರೊಡನೆ ಆಕಾಶಮಾರ್ಗವಾಗಿ ಸಂಭಾಷಿಸುವ ಹವ್ಯಾಸಿ ರೇಡಿಯೋ ಎಂಬ ವಿನೋದವನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು. ನಮ್ಮ ಪ್ರಾತಃಕಾಲವು ಬಹುಮಟ್ಟಿಗೆ 40 ಮೀಟರಿನ ಪಟ್ಟಿಯಲ್ಲಿಯೇ ಕಳೆಯುವುದು. ಅಲ್ಲಿ ಸುಖದೊಡನೆ ಒಂದು ಕಂಟಕವೂ ಉಂಟು. ಮಿತ್ರರ ಕ್ಷೀಣಧ್ವನಿಗೆ ಕಿವಿಗೊಟ್ಟಿರುವಾಗ, ಸಮೀಪದಲ್ಲಿಯೇ ಮಾತಿಲ್ಲದ ಬರಿಯ ವಾಹಕತರಂಗವೊಂದು ಬಂದರೆ, ಅದು ರಿಸೀವರಿನೊಳಗೆ ಹುಟ್ಟುವ ತರಂಗದೊಡನೆ ಕೂಡಿ ಎಡೆಬಿಡದ ಸಿಳ್ಳಾಗಿ ಕೇಳಿಸುವುದು. ಎರಡರ ಅಂತರವು 1,000 ಹರ್ಟ್ಸ್ ಆದರೆ ಸಿಳ್ಳಿನ ಸ್ವರವೂ 1,000 ಹರ್ಟ್ಸ್.

ಈ ಪಟ್ಟಿಯ 7,100ರಿಂದ 7,200 ಕಿಲೋಹರ್ಟ್ಸ್‌ವರೆಗಿನ ಭಾಗವನ್ನು ಪ್ರಸಾರಕೇಂದ್ರಗಳು ತೆರವು ಮಾಡತಕ್ಕದ್ದೆಂದು 2003ರ ವಿಶ್ವ ರೇಡಿಯೋ ಸಮ್ಮೇಳನವು ನಿರ್ಣಯಿಸಿತು. 2009ರ ಮಾರ್ಚ್ 29ರಿಂದ ಅದು ಜಾರಿಗೆ ಬಂದಿತು. ಉಪದ್ರವವು ತಗ್ಗಿತೇ ಹೊರತು ನಿರ್ಮೂಲವಾಗಲಿಲ್ಲ. ಮನೆಯ ವಿದ್ಯುದುಪಕರಣಗಳೂ ಇಂಥ ಸಿಳ್ಳನ್ನು ಹುಟ್ಟಿಸಬಲ್ಲವು.

ಸದ್ದನ್ನು ತಗ್ಗಿಸಿದರೆ ಸಿಳ್ಳಿನೊಡನೆ ಮಾತೂ ತಗ್ಗುವುದು. ಮೇಲಿನ ಸ್ವರಗಳನ್ನೆಲ್ಲ ಕತ್ತರಿಸಿದರೆ ಶ, ಷ, ಸ ಎಂಬ ಊಷ್ಮಾಕ್ಷರಗಳು ಮಸುಕಾಗುವುವು. ಇಲ್ಲಿ ಉಪಕಾರಕ್ಕೆ ಬರುವುದು ನಾಚ್ ಫಿಲ್ಟರ್. ಇದರ ಒಂದು ಬಗೆಯಲ್ಲಿ ಮೂರು ರೆಸಿಸ್ಟರುಗಳೂ ಮೂರು ಕೆಪಾಸಿಟರುಗಳೂ ಸೇರಿ ಎರಡು ಮಾರ್ಗಗಳಾಗುವುವು. ಯಾವುದೋ ಒಂದು ಆವರ್ತನದಲ್ಲಿ ಮಾತ್ರ ಆ ಎರಡು ಮಾರ್ಗಗಳಿಂದ ಬಂದ ಸಂಕೇತಗಳು ಸಮಬಲವೂ ಪರಸ್ಪರ ವಿರುದ್ಧವೂ ಆಗಿ ಒಂದನ್ನೊಂದು ಅಳಿಸುವುವು, ಉಳಿದವು ದಾಟಿಹೋಗುವುವು.

ವ್ಯಾಕರಣವನ್ನು ಬಹುಕಾಲ ಪಾಠ ಹೇಳಿದ ನಮಗೆ ಇದರಿಂದ ಉತ್ಸರ್ಗಾಪವಾದಗಳ ನೆನಪಾಗುವುದು. ಉತ್ಸರ್ಗವು ಸಾಮಾನ್ಯವಿಧಿ, ಅಪವಾದವು ಅದನ್ನು ಬಾಧಿಸುವ ವಿಶೇಷವಿಧಿ. ತನ್ನ ಕ್ಷೇತ್ರದಲ್ಲಿ ಅಪವಾದವೇ ಬಲಿಷ್ಠ. ಅದರಿಂದಾಚೆಗೆ ಅದಕ್ಕೆ ಅಧಿಕಾರವಿಲ್ಲ. ಎಲ್ಲವನ್ನೂ ಬಿಡುವುದು ಉತ್ಸರ್ಗ, ಸಿಳ್ಳೊಂದನ್ನು ತಡೆಯುವುದು ಅಪವಾದ.

ತಡೆಯುವ ಸ್ಥಾನವೂ ಮುಖ್ಯ. ಕೊನೆಯ ಧ್ವನಿಹಂತದಲ್ಲಿ ತೊಡೆದರೆ ಕಿವಿಗೇನೋ ನೆಮ್ಮದಿಯಾದೀತು; ಆದರೆ ರಿಸೀವರಿನ ಬಲವನ್ನು ತಾನಾಗಿ ಏರಿಳಿಸುವ ಏರ್ಪಾಡಿಗೆ ಆ ತರಂಗವು ಮುಂಚೆಯೇ ಮುಟ್ಟಿರುವುದು. ಪ್ರಬಲವಾದ ತರಂಗವನ್ನು ಕಂಡು ಅದು ಬಲವನ್ನು ತಗ್ಗಿಸಲು, ಮಿತ್ರರ ದನಿಯೂ ಅಡಗುವುದು. ಆದುದರಿಂದ ಆ ಏರ್ಪಾಡಿಗಿಂತ ಮೊದಲೇ ತೊಡೆಯುವುದು ಲೇಸು. ಈಗಿನ ಯಂತ್ರಗಳಲ್ಲಿ ಸಿಳ್ಳನ್ನು ತಾವೇ ಹುಡುಕಿ ಅಳಿಸುವ ಫಿಲ್ಟರುಗಳೂ ಉಂಟು. ಆದರೆ ಮೋರ್ಸ್ ಸಂಕೇತವನ್ನು ಕೇಳುವಾಗ ಅವನ್ನು ನಿಲ್ಲಿಸಿರಬೇಕು. ಅಲ್ಲಿ ಏಕಸ್ವರವೇ ಸಂದೇಶವಾದುದರಿಂದ, ಫಿಲ್ಟರು ಅದನ್ನೇ ಕಂಟಕವೆಂದು ತಿಳಿದು ಅಳಿಸಹೊರಡುವುದು.

ಇದು ಬರಿಯ ವಿನೋದದ ಮಾತೆಂದು ವಾಚಕರು ಎಣಿಸಬಾರದು. 2004ರ ಡಿಸೆಂಬರ್ 26ರಂದು ಸುನಾಮಿಯು ಅಪ್ಪಳಿಸಿದಾಗ, ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿಗಳು ದ್ವೀಪಗಳಿಂದ ಸಂದೇಶಗಳನ್ನು ರವಾನಿಸಿದರು. ಅಂಥ ಸಮಯದಲ್ಲಿ ಒಬ್ಬರ ಹೆಸರು ಸಿಳ್ಳಿನಲ್ಲಿ ಮುಳುಗಿದರೂ, ಸಿಳ್ಳನ್ನು ಕತ್ತರಿಸುವ ಭರದಲ್ಲಿ ತುಂಡಾದರೂ, ಕಾದಿರುವ ಮನೆಯವರಿಗೆ ನಷ್ಟವೊಂದೇ. ಈ ವಿದ್ಯೆಗೆ ಹೊಸದಾಗಿ ಬರುವ ಎಳೆಯರಿಗೆ ನಾವು ಹೇಳುವುದಿಷ್ಟೆ: ಸಿಳ್ಳಿನ ಸ್ಥಾನವನ್ನು ಸಾವಧಾನವಾಗಿ ಹುಡುಕಿರಿ, ಕಂಡಮೇಲೆ, ಎಷ್ಟು ಕಿರಿದಾಗಿ ಸಾಧ್ಯವೋ ಅಷ್ಟು ಕಿರಿದಾಗಿ ಕತ್ತರಿಸಿರಿ.