ಮಾವಶಿ ಮನೆಯ ದಾರಿ

“ದೀಪಾವಳಿ ಅಮಾಸಿಗೆ ಎರಡ್ ದಿನ ಮುಂಚೆ ಬಾ ಮಾರಾಯ, ಮಾವಶಿ ಮನಿಗೆ ಹೋಪ.”

ಗೆಳೆಯನ ಫೋನು ಬಂದಾಗ ನಾನು ಗಂಗೊಳ್ಳಿಯ ಬಂದರಿನಲ್ಲಿದ್ದೆ. ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ. ಮುಂಬೈಯಲ್ಲಿ ಅವನಿಗೆ ಅಂಥ ಚಿಕ್ಕಮ್ಮ ಯಾರೂ ಇಲ್ಲ. ಆದರೂ ಮಾತಿನ ಅರ್ಥ ಹೊಳೆದು ಎದೆ ಡವಗುಟ್ಟಿತು. ಹನ್ನೆರಡು ವರ್ಷಗಳಿಂದ ಅವನು ರಾತ್ರಿ ಹೋಟೆಲು ಮುಚ್ಚಿದ ಮೇಲೆ ಮುಂಬೈಯ ಯಾವುದೋ ಕಡಲಂಚಿನ ಕಲ್ಲಿನ ಮೇಲೆ ನಿಂತು ಗಾಳ ಹಾಕುತ್ತಾನೆ. ಹಿಡಿದ ಮೀನಿನ ತೂಕ ಹೇಳುತ್ತಾನೆ, ಕಡಿದುಹೋದ ದಾರದ ಕಥೆ ಹೇಳುತ್ತಾನೆ. ಜಾಗ ಮಾತ್ರ ಹೇಳಿದವನಲ್ಲ. ನಾನೂ ಕೇಳಿದವನಲ್ಲ. ಯಾಕೆಂದರೆ ಪಂಚಗಂಗಾವಳಿಯ ಅಳಿವೆಯಲ್ಲಿ ನನಗೂ ಒಂದು ಕಲ್ಲಿದೆ. ಅಜ್ಜ ತೋರಿಸಿಕೊಟ್ಟದ್ದು. ಒಂದೇ ಕೇರಿಯಲ್ಲಿ ಬೆಳೆದ ಈ ಗೆಳೆಯನಿಗೂ ನಾನು ಅದನ್ನು ಹೇಳಿರಲಿಲ್ಲ.

ಕುಂದಾಪುರದಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದೆ. ಕೊಂಕಣ ರೈಲುಮಾರ್ಗ ಪೂರ್ತಿಯಾದ 1998ರಲ್ಲೇ ಓಡಲು ಶುರುವಾದ ಈ ಗಾಡಿಗೆ ದಾಶರಾಜನ ಮಗಳು ಸತ್ಯವತಿಯ ಹೆಸರು. ಮೀನುಗಾರರ ಮನೆಯಿಂದ ಹೊರಟವನಿಗೆ ಇದಕ್ಕಿಂತ ಒಪ್ಪುವ ರೈಲು ಇನ್ನೊಂದಿಲ್ಲ. ಹೊನ್ನಾವರದಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಶರಾವತಿ ಸೇತುವೆ, ಕಾರವಾರದ ಹತ್ತಿರ ಕಾಳಿ, ಗೋವೆಯಲ್ಲಿ ಜುವಾರಿ, ಮಾಂಡವಿ. ಸೇತುವೆ ಬಂದಾಗೆಲ್ಲ ಗಾಳದವ ಕಿಟಕಿ ಬಿಟ್ಟು ಏಳುವುದಿಲ್ಲ. ಸಿಹಿನೀರು ಉಪ್ಪುನೀರನ್ನು ಎಲ್ಲಿ ಕೂಡುತ್ತದೆ, ನೀರಿನ ಬಣ್ಣ ಎಲ್ಲಿ ಬದಲಾಗುತ್ತದೆ, ಕಂಬದ ಹಿಂದೆ ಎಲ್ಲಿ ಸುಳಿ ಇದೆ ಎಂದು ಕಣ್ಣು ಹುಡುಕುತ್ತಲೇ ಇರುತ್ತದೆ. ಕತ್ತಲಾದ ಮೇಲೂ ಸೇತುವೆಯ ಸದ್ದು ಬದಲಾದಾಗ ನಾನು ಎದ್ದು ಕೂತು ಹೊರಗೆ ನೋಡಿದೆ.

ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ಅಲ್ಲಿಂದ ರಿಕ್ಷಾದಲ್ಲಿ ಘಾಟ್‌ಕೋಪರ್, ಘಾಟ್‌ಕೋಪರಿನಿಂದ ವರ್ಸೋವಾ ಮೆಟ್ರೊ. ಗೆಳೆಯ ಅಂಧೇರಿಯ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾನೆ. ಈ ಅಂಧೇರಿ ನಮ್ಮವರಿಗೆ ಹೊಸ ಊರಲ್ಲ. ನಮ್ಮ ಮೊಗವೀರರು ಈ ನಗರದಲ್ಲಿ 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡವರು. ಮಂಡಳಿಯ ವಿದ್ಯಾಸಂಸ್ಥೆ ಇರುವುದೂ ಅಂಧೇರಿಯಲ್ಲೇ. ಕಡಲು ಬಿಟ್ಟು ಬಂದವರು ಮತ್ತೆ ಕಡಲಿನ ಪಕ್ಕದಲ್ಲೇ ನೆಲೆ ಹುಡುಕಿಕೊಂಡಿದ್ದಾರೆ.

ಮೊದಲ ದಿನ ಮಧ್ಯಾಹ್ನ ಅವನು ನನ್ನನ್ನು ಕರೆದುಕೊಂಡು ಹೋದದ್ದು ಎಲ್ಲರಿಗೂ ಗೊತ್ತಿರುವ ಜಾಗಕ್ಕೆ: ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡ್. ಒಂದು ತುದಿಯಲ್ಲಿ ಪೋರ್ಚುಗೀಸರು 1640ರಲ್ಲಿ ಕಟ್ಟಿದ ಕೋಟೆ, ಎದುರಿಗೆ 2009ರಲ್ಲಿ ತೆರೆದ ಬಾಂದ್ರಾ–ವರ್ಲಿ ಸೇತುವೆ. ಇಳಿತದಲ್ಲಿ ಕಪ್ಪು ಬಂಡೆಗಳು ಬೆನ್ನು ತೋರಿಸುತ್ತವೆ. ಅವುಗಳ ಮೇಲೆ ಜೋಡಿಗಳು, ಕಡಲೆಕಾಯಿಯವರು, ದೂರದ ಅಂಚಿನಲ್ಲಿ ನಾಲ್ಕೈದು ಗಾಳದವರು. ಗೆಳೆಯ ಅವರೆಲ್ಲರಿಗೂ ಕೈಯೆತ್ತಿದ. ಒಬ್ಬರು “ಕಾಯ್ ಭೇಟಲಾ ಕಾ?” ಎಂದು ಕೇಳಿದರು, ಏನಾದರೂ ಸಿಕ್ಕಿತಾ ಎಂದು. ಎಲ್ಲಿ ಸಿಕ್ಕಿತು ಎಂದು ಯಾರೂ ಕೇಳಲಿಲ್ಲ. ಗಾಳದವರ ಮರ್ಯಾದೆ ಅದು. ಮೀನಿನ ಜಾತಿ ಕೇಳಬಹುದು, ನೀರಿನ ಬಣ್ಣ ಕೇಳಬಹುದು, ಯಾವ ಎರೆ ಎಂದು ಕೇಳಬಹುದು. ಜಾಗ ಕೇಳಿದವ ಇನ್ನೂ ಕಲಿಯಬೇಕಾದವ.

ಆ ರಾತ್ರಿ ಊಟ ಮಾಡುವಾಗ ಅವನು ನನಗೆ ನಿಯಮಗಳನ್ನು ಹೇಳಿದ. ಕಲ್ಲಿನ ಮೇಲೆ ಹೋಗುವವರು ಒಟ್ಟು ಮೂವರು: ಅವನು, ವರ್ಸೋವಾ ಕೋಳಿವಾಡದ ಒಬ್ಬ ಹಿರಿಯ ಕಾಕಾ, ಕಂಪ್ಯೂಟರ್ ಕಂಪೆನಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ. ಹೊಸಬರನ್ನು ತರಬೇಕಾದರೆ ಮೂವರೂ ಒಪ್ಪಬೇಕು. ಫೋನಿನಲ್ಲಿ ಊರಿನ ಹೆಸರು ಬರಬಾರದು, ಅದಕ್ಕೇ ‘ಮಾವಶಿ ಮನೆ’. ದೀಪ ನೀರಿನ ಕಡೆ ತಿರುಗಬಾರದು. “ಮೀನಿನ್ ಪಟ ತೆಗಿ, ಅಡ್ಡಿಲ್ಲೆ. ಹಿಂದೆ ಕಲ್ ಬಪ್ಪುಕಾಗ” ಎಂದ. ಹಿಂದೆ ಒಮ್ಮೆ ಒಂದು ಫೋಟೊದಲ್ಲಿ ಬಂಡೆಯ ಆಕಾರ ಕಂಡು ಯಾರೋ ಜಾಗ ಗುರುತು ಹಿಡಿದರಂತೆ. ಎರಡೇ ವಾರದಲ್ಲಿ ಅಲ್ಲಿ ಮೂವತ್ತು ಜನ, ಆಮೇಲೆ ಸುತ್ತುಬಲೆ, ಆಮೇಲೆ ಬರೀ ನೀರು.

ಮರುದಿನ ಸಂಜೆ ವರ್ಸೋವಾದಿಂದ ಮಡ್‌ಗೆ ದೋಣಿ. ಐದೇ ನಿಮಿಷದ ದಾಟು. ಈ ಕಡೆ ಮಹಡಿ ಮನೆಗಳು, ಆ ಕಡೆ ಬಿದಿರಿನ ಗಳಗಳ ಮೇಲೆ ಸಾಲುಸಾಲಾಗಿ ಒಣಗುತ್ತಿರುವ ಬೊಂಬಿಲ್ ಮೀನು. ಆ ವಾಸನೆ ಮೂಗಿಗೆ ಬಡಿದಾಗ ಊರಿಗೇ ಬಂದಿಳಿದಂತಾಯಿತು. ದೋಣಿ ಇಳಿದು ನಾವು ಎಡಕ್ಕೆ ಹೋದೆವೋ ಬಲಕ್ಕೆ ಹೋದೆವೋ, ಎಷ್ಟು ಹೊತ್ತು ನಡೆದೆವೋ, ಇಲ್ಲಿ ಬರೆಯುವುದಿಲ್ಲ. ಮಾತು ಕೊಟ್ಟಿದ್ದೇನೆ.

ಕಾಕಾ ಆಗಲೇ ಬಂದು ಕೂತಿದ್ದರು. ಕೈಯಲ್ಲಿ ರಾಡು ಇಲ್ಲ, ಮರದ ತುಂಡಿಗೆ ಸುತ್ತಿದ ದಾರ, ತುದಿಗೆ ಒಂದು ಗಾಳ. ನಾವು ಗಾಳ ಎನ್ನುವುದನ್ನು ಅವರು ‘ಗಳ್’ ಎನ್ನುತ್ತಾರೆ. ಅದನ್ನು ಕೇಳಿದ ಕ್ಷಣದಿಂದ ನನಗೆ ಅವರು ಹೊರಗಿನವರಾಗಿ ಉಳಿಯಲಿಲ್ಲ. ಡಬ್ಬದಲ್ಲಿ ಜೀವಂತ ಬೋಯಿ ಮೀನುಗಳು ಓಡಾಡುತ್ತಿದ್ದವು. ನಾನು ಅವಸರದಿಂದ ಚೀಲ ಬಿಚ್ಚತೊಡಗಿದಾಗ ಅವರು ಕೈ ಹಿಡಿದು ತಡೆದರು: “ಆಧೀ ಪಾಣೀ ಬಘ, ಮಗ ಗಳ್ ಟಾಕ್.” ಮೊದಲು ನೀರು ನೋಡು, ಆಮೇಲೆ ಗಾಳ ಹಾಕು. ಅರ್ಧ ಗಂಟೆ ನಾವು ಕೂತು ನೀರನ್ನೇ ನೋಡಿದೆವು.

ನೋಡಬೇಕಾದ ನೀರೇ ಅದು. ನಮ್ಮ ಕುಂದಾಪುರದ ಕಡೆ ದೊಡ್ಡ ಉಬ್ಬರವೂ ಸುಮಾರು ಒಂದೂವರೆ ಮೀಟರು. ಮುಂಬೈಯ ಎದುರು ಕಡಲಿನ ತಳ ಬಹಳ ದೂರದವರೆಗೆ ಆಳವಿಲ್ಲದೆ ಹರಡಿಕೊಂಡಿದೆ. ಆ ಅಗಲವಾದ ತಳದ ಮೇಲೆ ಉಬ್ಬರ ಏರುತ್ತಾ ಬಂದು ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನಾಲ್ಕು ಮೀಟರನ್ನೂ ದಾಟುತ್ತದೆ. ಈ ದೊಡ್ಡ ಉಬ್ಬರವನ್ನು ಇಲ್ಲಿನ ಕೋಳಿ ಸಮುದಾಯದ ಮೀನುಗಾರರು ಉಧಾಣ ಎನ್ನುತ್ತಾರೆ, ಅಷ್ಟಮಿಯ ಸುತ್ತಿನ ಸಣ್ಣದನ್ನು ಭಾಂಗ. ಆ ದಿನ ಉಬ್ಬರದ ತುದಿ ರಾತ್ರಿ ಹನ್ನೊಂದರ ಸುಮಾರಿಗೆ. ಎಂಟೂವರೆಗೆಲ್ಲ ನಾವು ನಡೆದು ಬಂದ ದಾರಿ ನೀರಿನಡಿ ಹೋಯಿತು. ಇನ್ನು ನಡುರಾತ್ರಿ ದಾಟಿ ಎರಡು ಗಂಟೆಯಾಗುವ ತನಕ ವಾಪಸು ಹೋಗುವ ಮಾತೇ ಇಲ್ಲ. ನಾಲ್ವರು, ಒಂದು ಬಂಡೆ, ಸುತ್ತ ಕಪ್ಪು ನೀರು.

“ನಾನ್ ಎಸುವತ್ತಿಗೆ ನೀನ್ ತೆರಿ ಕಾಣ್. ನೀನ್ ಎಸುವತ್ತಿಗೆ ನಾನ್ ಕಾಂತೆ” ಎಂದ ಗೆಳೆಯ. ಕಲ್ಲಿನ ಮೇಲಿನ ಗೆಳೆತನ ಎಂದರೆ ಮುಖ್ಯವಾಗಿ ಇದೇ. ಗಾಳ ಎಸೆಯುವವನ ಕಣ್ಣು ದಾರದ ಮೇಲಿರುತ್ತದೆ. ಐದಾರು ಸಣ್ಣ ತೆರೆಗಳ ಹಿಂದೆ ಒಂದು ದೊಡ್ಡದು ಎದ್ದು ಬರುವುದು ಅವನಿಗೆ ಕಾಣುವುದಿಲ್ಲ. ಹಿಂದೆ ನಿಂತವನು ಸೊಂಟದ ಪಟ್ಟಿ ಹಿಡಿದು, ಕತ್ತಲಲ್ಲಿ ನೊರೆಯ ಬಿಳಿ ಗೆರೆ ನೋಡುತ್ತಾ ‘ಬಂತು’ ಎನ್ನಬೇಕು. ಅವನು ‘ಬಂತು’ ಎಂದ ಕೂಡಲೇ ಮೀನು ಕಚ್ಚಿದ್ದರೂ ಹಿಂದೆ ಸರಿಯಬೇಕು. ಜಾಗ ಯಾರಿಗೆ ತೋರಿಸಬೇಕು ಎನ್ನುವುದು ಹೀಗೇ ತೀರ್ಮಾನವಾಗುತ್ತದೆ. ಸೊಂಟದ ಪಟ್ಟಿ ಯಾರ ಕೈಗೆ ಕೊಡಬಲ್ಲೆಯೋ ಅವನಿಗೆ.

ಹತ್ತೂವರೆ ಕಳೆದಿತ್ತು. ಬಂಡೆಯ ಬಲಮೂಲೆಯಲ್ಲಿ, ನೀರು ಮಡಚಿ ಹಿಂದಕ್ಕೆ ಹರಿಯುವ ಕಡೆ, ‘ಬೊಫ್’ ಎಂದು ಸದ್ದಾಯಿತು. ಖಾಲಿ ಕೊಡವನ್ನು ನೀರಿಗೆ ಬೋರಲು ಹಾಕಿ ಎತ್ತಿದಂತೆ. ಕಾಕಾ ನನ್ನ ಮೊಣಕೈ ಒತ್ತಿದರು: “ಜಿತಾಡಾ.” ನಮ್ಮ ಕಡೆ ಕುರುಡಿ, ಬಂಗಾಳದಲ್ಲಿ ಭೇಟ್ಕಿ, ಪ್ರಪಂಚಕ್ಕೆ ಬಾರಮುಂಡಿ. ಅದು ಬೇಟೆಯನ್ನು ಕಚ್ಚಿ ಹಿಡಿಯುವುದಲ್ಲ, ಬಾಯಿ ಒಮ್ಮೆಲೇ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಆ ಸದ್ದೇ ನಾವು ಕೇಳಿದ್ದು. ಗೆಳೆಯ ಎಸೆದ. ನಾನು ಪಟ್ಟಿ ಹಿಡಿದು ತೆರೆ ನೋಡುತ್ತಿದ್ದೆ, ಮೀನು ಕಚ್ಚಿದ್ದನ್ನು ಅವನ ಬೆನ್ನಿನ ಬಿಗಿತದಿಂದ ತಿಳಿದೆ. ರೀಲು ಕಿರುಚಿತು. ನೀರಿನಿಂದ ಆಳುದ್ದ ಮೇಲಕ್ಕೆ ಏನೋ ಎದ್ದು ತಲೆ ಒದರಿ ಬಿತ್ತು. ಈ ಮೀನಿನ ಕಿವಿರುಮುಚ್ಚಳದ ಅಂಚು ಕತ್ತಿಯಷ್ಟು ಹರಿತ. ತಲೆ ಒದರುವುದೇ ದಾರ ಕಡಿಯಲಿಕ್ಕೆ. ಎರಡು ಸಲ ನಾನು ‘ಬಂತು’ ಎಂದೆ, ಎರಡು ಸಲವೂ ಅವನು ದಾರ ಸಡಿಲ ಬಿಟ್ಟು ಹಿಂದೆ ಸರಿದ. ಕಾಲು ಗಂಟೆಯ ಮೇಲೆ ಹುಡುಗ ಕೆಳಗಿಳಿದು ಒದ್ದೆ ಬಟ್ಟೆಯಲ್ಲಿ ಅದರ ಕೆಳದವಡೆ ಹಿಡಿದ.

ನನ್ನ ತೋಳಿಗಿಂತ ಉದ್ದ. ಮಂದ ಬೆಳಕಿನಲ್ಲಿ ಕಣ್ಣು ಕೆಂಡದ ಹಾಗೆ ಹೊಳೆಯಿತು. ನಾವು ಮಾತಾಡುವ ಮೊದಲೇ ಕಾಕಾ ಹೇಳಿದರು: “ಹೀ ಆಯೀ ಆಹೆ. ಸೋಡ್ ತಿಲಾ.” ಇವಳು ತಾಯಿ, ಬಿಟ್ಟುಬಿಡು. ಜಿತಾಡಾ ಸಣ್ಣದರಲ್ಲಿ ಗಂಡು. ವರ್ಷಗಳು ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ನದಿ, ಖಾಡಿಗಳಲ್ಲಿ ಬೆಳೆದು ಅಳಿವೆಯ ಉಪ್ಪುನೀರಿಗೆ ಬಂದು ಮೊಟ್ಟೆ ಇಡುತ್ತದೆ. ದೊಡ್ಡದನ್ನು ಹೊತ್ತೊಯ್ದವ ಲಕ್ಷಗಟ್ಟಲೆ ಮೊಟ್ಟೆ ಹೊತ್ತೊಯ್ದ ಹಾಗೆ. ಹುಡುಗ ಅದನ್ನು ಹರಿವಿಗೆ ಮುಖ ಮಾಡಿ ನೀರಲ್ಲಿ ಹಿಡಿದುಕೊಂಡ. ಕಿವಿರು ಎರಡು ಮೂರು ಸಲ ಆಡಿತು. ಬಾಲ ಒಂದು ಬೀಸು ಬೀಸಿ ಕೈಯಿಂದ ಜಾರಿತು. ಆ ರಾತ್ರಿ ಸಿಕ್ಕ ಎರಡು ಸಣ್ಣವು ಮಾತ್ರ ಕಾಕಾನ ಮನೆಯ ಕಾಲವಣಕ್ಕೆ, ಅಂದರೆ ಮೀನಿನ ಸಾರಿಗೆ, ಹೋದವು.

ನೀರು ಇಳಿಯುವುದನ್ನು ಕಾಯುತ್ತಾ ಹುಡುಗ ಅಮೆರಿಕದ ಪೂರ್ವ ಕರಾವಳಿಯ ಮಾತು ತೆಗೆದ. ಅಲ್ಲಿಯೂ ಮೈಮೇಲೆ ಪಟ್ಟೆಗಳಿರುವ ಸ್ಟ್ರೈಪ್ಡ್ ಬಾಸ್ ಮೀನಿಗಾಗಿ ತೆರೆಯ ಅಂಚಿನಲ್ಲಿ ರಾತ್ರಿಯಿಡೀ ನಿಲ್ಲುವವರಿದ್ದಾರೆ. 1864ರಲ್ಲೇ ಮ್ಯಾಸಚೂಸೆಟ್ಸಿನ ಕಟ್ಟಿಹಂಕ್ ದ್ವೀಪದಲ್ಲಿ ಸಿರಿವಂತರು ಒಂದು ಕ್ಲಬ್ ಕಟ್ಟಿ, ಬಂಡೆಗಳಿಗೆ ಅಟ್ಟಣೆ ಹಾಕಿ, ಯಾರಿಗೆ ಯಾವ ಬಂಡೆ ಎಂದು ಚೀಟಿ ಎತ್ತುತ್ತಿದ್ದರು. ಗಾಳದಲ್ಲಿ ಹಿಡಿದ ಸ್ಟ್ರೈಪ್ಡ್ ಬಾಸ್‌ನ ದಾಖಲೆ 2011ರದು, ಸುಮಾರು 37 ಕಿಲೋ. ಆ ಮೀನಿನಲ್ಲೂ ಬಹಳ ದೊಡ್ಡವು ಹೆಣ್ಣುಗಳೇ. ಹಿಡಿದು ಹಿಡಿದು ಸಂತತಿ ಕುಸಿದಾಗ 1984ರಲ್ಲಿ ಕಾನೂನೇ ತರಬೇಕಾಯಿತು. ಚೇತರಿಸಿಕೊಂಡಿತು ಎಂದು ಹೇಳಲು 1995 ಬರಬೇಕಾಯಿತು. ನಮ್ಮಲ್ಲಿ ಪಶ್ಚಿಮ ಕರಾವಳಿಯ ಮಳೆಗಾಲದ 61 ದಿನಗಳ ನಿಷೇಧ ಯಂತ್ರದ ದೋಣಿಗಳಿಗೆ. ಕಲ್ಲಿನ ಮೇಲೆ ನಿಂತವನನ್ನು ತಡೆಯುವವರು ಯಾರೂ ಇಲ್ಲ, ಅವನ ಪಕ್ಕದಲ್ಲಿ ನಿಂತ ಗೆಳೆಯನ ಹೊರತು. ಗುಟ್ಟಿನ ಅರ್ಥ ನನಗೆ ಆ ಬಂಡೆಯ ಮೇಲೆ ತಿಳಿಯಿತು. ಈ ಜನ ಅಡಗಿಸಿಟ್ಟದ್ದು ಆ ತಾಯಿ ಮೀನು ಬಂದು ಹೋಗುವ ದಾರಿಯನ್ನು.

ಹೊರಡುವ ದಿನ ಬೆಳಿಗ್ಗೆ ಗೆಳೆಯ ನನ್ನನ್ನು ನಗರದ ದಕ್ಷಿಣದ ಕಡೆ ಕರೆದೊಯ್ದ. ಕೋಸ್ಟಲ್ ರೋಡಿಗಾಗಿ ಕಡಲಿಗೆ ಮಣ್ಣು ತುಂಬಿ ಮಾಡಿದ ಹೊಸ ನೆಲ. ಹುಲ್ಲಿನ ಹಾಸು, ನಡೆಯುವವರ ದಾರಿ, ಆಚೆ ಕಲ್ಲಿನ ಏರಿ. ಒಂದು ಕಡೆ ನಿಂತು ಕಾಲಿನಿಂದ ನೆಲ ಒತ್ತಿ ಹೇಳಿದ: “ಅಪ್ಪಯ್ಯನ ಕಲ್ ಇಲ್ಲೇ ಇದ್ದಿತ್.”

ಅವನ ತಂದೆ ಹುಡುಗನಾಗಿ ಬಂದು ಹೋಟೆಲಿನಲ್ಲಿ ಲೋಟ ತೊಳೆದವರು. ರಾತ್ರಿ ಕೆಲಸ ಮುಗಿದ ಮೇಲೆ ಆ ಕಲ್ಲಿಗೆ ಬಂದು ಗಾಳ ಹಾಕುತ್ತಿದ್ದರಂತೆ. ಜೊತೆಯ ಕೆಲಸದವರಿಗೂ ಹೇಳದೆ ಇಪ್ಪತ್ತು ವರ್ಷ ಇಟ್ಟುಕೊಂಡು, ಮಗನಿಗೆ ಹತ್ತೊಂಬತ್ತು ತುಂಬಿದ ಮೇಲೆ ಒಂದು ರಾತ್ರಿ ಕರೆತಂದು ತೋರಿಸಿದರು. “ಈಗ ಯಾರಿಗ್ ಬೇಕಾರೂ ಹೇಳ್ಲಕ್ಕ್” ಎಂದು ಅವನು ಆ ಕಲ್ಲಿನ ಹೆಸರು ನನಗೆ ಹೇಳಿದ, ಮೀನು ಬರುತ್ತಿದ್ದ ಮೂಲೆ ತೋರಿಸಿದ, ಉಬ್ಬರದ ಹೊತ್ತು ಹೇಳಿದ. ಹೇಳುತ್ತಾ ಅವನ ದನಿ ಒಡೆಯಿತು. ನಾನು ಅವನ ಹೆಗಲ ಮೇಲೆ ಕೈಯಿಟ್ಟು ನಿಂತೆ. ವರ್ಲಿಯ ಕೋಳಿಗಳು ಹಟ ಹಿಡಿದು ತಮ್ಮ ದೋಣಿಗಳು ಹಾಯುವಂತೆ ಇದೇ ರಸ್ತೆಯ ಸೇತುವೆಯ ಕಂಬಗಳ ನಡುವಿನ ಅಂತರವನ್ನು 60 ಮೀಟರಿನಿಂದ 120ಕ್ಕೆ ಏರಿಸಿಕೊಂಡರು. ಅವರದು ಒಂದು ಊರಿನ ದನಿ. ಒಬ್ಬನೇ ಬಲ್ಲ ಕಲ್ಲಿಗೆ ಹಾಗೆ ಕೇಳುವವರು ಇರಲಿಲ್ಲ.

ವಾಪಸಿನ ಮತ್ಸ್ಯಗಂಧದಲ್ಲಿ ರಾತ್ರಿಯಿಡೀ ನನಗೆ ಅಜ್ಜನ ಕಲ್ಲಿನದೇ ಯೋಚನೆ. ನನ್ನ ಮಗ ಬೆಂಗಳೂರಿನಲ್ಲಿದ್ದಾನೆ, ಗಾಳ ಮುಟ್ಟಿದವನಲ್ಲ. ಅಜ್ಜ ಒಬ್ಬನಿಗೆ ಹೇಳಿ ಹೋದರು. ನಾನು ಯಾರಿಗೂ ಹೇಳದೆ ಹೋದರೆ ಆ ಕಲ್ಲು ನೀರಿನಲ್ಲೇ ಇದ್ದೂ ಇಲ್ಲದ ಹಾಗೆ. ನನ್ನ ಸೊಂಟದ ಪಟ್ಟಿ ಹಿಡಿದು ಆರು ಗಂಟೆ ನಿಂತವನೊಬ್ಬ ಇದ್ದಾನೆ.

ಬೆಳಗಿನ ಜಾವ ಕುಂದಾಪುರದಲ್ಲಿ ಇಳಿದು ಫೋನು ಮಾಡಿದೆ. ಅವನು ಹೋಟೆಲಿನ ಬಾಗಿಲು ತೆರೆಯುತ್ತಿದ್ದ. ಷಟರಿನ ಸದ್ದು ಕೇಳಿಸಿತು.

“ಬಪ್ಪು ಹುಣ್ಣಿಮಿಗೆ ಊರಿಗ್ ಬಾ” ಎಂದೆ. “ನಮ್ಮ ಅಳಿವಿಯಾಗೂ ಒಂದ್ ಮಾವಶಿ ಮನಿ ಇತ್ತ್.”

ಷಟರಿನ ಸದ್ದು ನಿಂತಿತು. ಸ್ವಲ್ಪ ಹೊತ್ತು ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಆಮೇಲೆ ಅವನು ಕೇಳಿದ್ದು ಒಂದೇ: “ಉಬ್ಬರ ಎಷ್ಟ್ ಹೊತ್ತಿಗೆ?”